ಗಿರಾಕಿಗೆ ಬೇಕಾದ್ದು ಏನು ಅಂತ ವೈಂಡಿಂಗ್ ಅಂಗಡಿಯಲ್ಲಿ ತಿಳಿಯಿತು

ಪಂಪ್‌ಸೆಟ್ ಸ್ಟಾರ್ಟರ್ ಪಕ್ಕದಲ್ಲಿ ಕೂರಿಸುವ ಸಣ್ಣ ಡಬ್ಬ ನಾವು ಮಾಡುವ ವಸ್ತು. ಒಳಗೆ ಸಿಮ್ ಇರುತ್ತದೆ, ತೋಟಕ್ಕೆ ಹೋಗದೆ ಮನೆಯಿಂದಲೇ ಮೋಟರ್ ಆನ್, ಆಫ್ ಮಾಡಬಹುದು. ಪಾವಗಡ, ಮಧುಗಿರಿ ಕಡೆ ಹಳ್ಳಿಗಳಲ್ಲಿ ಇದನ್ನು ತೋರಿಸಿ "ಬೇಕಾ ಅಣ್ಣ?" ಅಂದರೆ ಯಾರೂ ಬೇಡ ಅನ್ನುವುದಿಲ್ಲ. ಮನೆಗೆ ಬಂದವರ ಮನಸ್ಸು ನೋಯಿಸಬಾರದು ಅನ್ನುವ ಜನ. ಹಾಗಾಗಿ ಆ "ಹೂಂ" ಅನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಮೋಟರ್ ವಿಚಾರದಲ್ಲಿ ಅವರ ದುಡ್ಡು ಈಗಾಗಲೇ ಎಲ್ಲಿ ಹೋಗುತ್ತಿದೆ ಅಂತ ನೋಡಲು, ಸುಟ್ಟ ಮೋಟರಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುವ ವೈಂಡಿಂಗ್ ಅಂಗಡಿಯಲ್ಲಿ ಕೂತೆ.

ಅಂಗಡಿಯವರು ಸುಟ್ಟ ಮೋಟರ್ ಬಿಚ್ಚಿ ಕಾಯಿಲ್ ತೋರಿಸುತ್ತಿದ್ದರು. ಸುತ್ತಲೂ ಒಂದೇ ಸಮ ಕಪ್ಪಾಗಿದ್ದರೆ ಲೋಡ್ ಜಾಸ್ತಿಯಾಗಿದೆ. ಅಲ್ಲಲ್ಲಿ ಕಪ್ಪಾಗಿ, ನಡುವೆ ತಾಮ್ರ ಹೊಳೆಯುತ್ತಿದ್ದರೆ ಕರೆಂಟ್ ತರುವ ಮೂರು ತಂತಿಗಳಲ್ಲಿ ಒಂದರದ್ದು, ಅಂದರೆ ಒಂದು ಫೇಸ್, ಹೋದಾಗಲೂ ಮೋಟರ್ ಓಡಿದೆ ಅಂತ ಅರ್ಥ. ಅಲ್ಲಿಗೆ ಬರುತ್ತಿದ್ದ ರೈತರಿಗೆ ನಾನು ಕೇಳಿದ್ದು ಒಂದೇ: "ಸುಟ್ಟ ದಿನ ಏನೇನಾಯ್ತು, ಮೊದಲಿಂದ ಹೇಳಿ." ಆಗ ಮಾತು ಹೊರಗೆ ಬರುತ್ತಿತ್ತು. ಆಳದ ಬೋರಿನಿಂದ ಮೋಟರ್ ಎತ್ತಿಸೋ ಖರ್ಚು, ವೈಂಡಿಂಗ್ ಖರ್ಚು, ಮತ್ತೆ ಇಳಿಸೋ ಖರ್ಚು. ಅಷ್ಟರಲ್ಲಿ ಟೊಮೆಟೊ ಹೂವು ಉದುರಿರುತ್ತದೆ.

ದೂರದಿಂದ ಆನ್ ಮಾಡುವುದು ದೊಡ್ಡ ಅಗತ್ಯವಲ್ಲ ಅಂತ ಅಲ್ಲೇ ಗೊತ್ತಾಯಿತು. ದಿನಕ್ಕೆ ಏಳು ಗಂಟೆ ತ್ರೀ ಫೇಸ್, ಅದರಲ್ಲೂ ಎಷ್ಟೋ ಸಲ ರಾತ್ರಿ ಪಾಳಿ. ಅದಕ್ಕೇ ಬಹಳ ಜನ ಸ್ಟಾರ್ಟರ್‌ಗೆ ಆಗಲೇ 'ಆಟೋ' ಹಾಕಿಸಿಕೊಂಡಿದ್ದರು, ಕರೆಂಟ್ ಬಂದರೆ ಮೋಟರ್ ತಾನೇ ಶುರುವಾಗುತ್ತದೆ. ಅವರಿಗೆ ಬೇಕಿದ್ದದ್ದು ಸುಡುವ ಮೊದಲೇ ನಿಲ್ಲಿಸುವ, ನಿಂತದ್ದನ್ನು ಹೇಳುವ ವ್ಯವಸ್ಥೆ. ಇನ್ನು ಕರೆಂಟ್ ಉಳಿಯುತ್ತದೆ ಅನ್ನುವ ಮಾತು ಇಲ್ಲಿ ನಡೆಯುವುದೇ ಇಲ್ಲ. ನಮ್ಮ ರಾಜ್ಯದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಬಿಲ್ಲೇ ಇಲ್ಲವಲ್ಲ.

ಫೋನ್ ಯಾರ ಕೈಯಲ್ಲಿರುತ್ತದೆ ಅನ್ನುವುದೂ ಅಷ್ಟೇ ಮುಖ್ಯ. ಯಜಮಾನರು ಪೇಟೆಗೆ ಹೋದಾಗ ನೀರು ಕಟ್ಟುವುದು ಹೆಂಡತಿ, ಇಲ್ಲವೇ ವಯಸ್ಸಾದ ಅಪ್ಪ. ಅವರ ಹತ್ತಿರ ಇರುವುದು ಬಟನ್ ಫೋನ್, ಮೆಸೇಜ್ ಓದುವ ರೂಢಿ ಇಲ್ಲ. ಆಪ್ ಪಕ್ಕಕ್ಕಿಟ್ಟು, ಡಬ್ಬವೇ ಫೋನ್ ಮಾಡಿ "ಒಂದು ಫೇಸ್ ಹೋಗಿದೆ, ಮೋಟರ್ ನಿಲ್ಲಿಸಿದೀನಿ" ಅಂತ ಹೇಳುವ ಹಾಗೆ ಮಾಡಿದೆವು. ಪಾವಗಡದ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಆದ್ದರಿಂದ ತೆಲುಗು ದನಿಯನ್ನೂ ಸೇರಿಸಿದೆವು.

ಬೋರಿನಲ್ಲಿ ನೀರು ಮುಗಿದಾಗ ಆಂಪಿಯರ್, ಅಂದರೆ ಮೋಟರ್ ಎಳೆಯುವ ಕರೆಂಟ್, ಇಳಿಯುತ್ತದೆ, ಡಬ್ಬ ಅದನ್ನು ಹಿಡಿದು ಮೋಟರ್ ನಿಲ್ಲಿಸುತ್ತದೆ. ಮತ್ತೆ ಯಾವಾಗ ಶುರು ಮಾಡಬೇಕು? ಒಂದು ಬೋರಿನಲ್ಲಿ ಅರ್ಧ ಗಂಟೆಗೆ ನೀರು ಕೂಡುತ್ತದೆ, ಇನ್ನೊಂದರಲ್ಲಿ ಎರಡು ಗಂಟೆ ಬೇಕು. ಅದನ್ನು ನಾವು ಆಫೀಸಿನಲ್ಲಿ ಕೂತು ನಿರ್ಧರಿಸುವ ಹಾಗಿಲ್ಲ. ತನ್ನ ಬೋರಿನ ಗುಣ ರೈತನಿಗೆ ಚೆನ್ನಾಗಿ ಗೊತ್ತು. ಅದಕ್ಕೆ ಎಷ್ಟು ಹೊತ್ತು ಕಾಯಬೇಕು ಅಂತ ಅವನೇ ಇಟ್ಟುಕೊಳ್ಳಲು ಡಬ್ಬದ ಮೇಲೇ ಒಂದು ತಿರುಗುಗುಂಡಿ ಕೊಟ್ಟೆವು. ನಮ್ಮ ಕೆಲಸದಲ್ಲಿ ನನಗೆ ಬಹಳ ಇಷ್ಟವಾದ ಭಾಗ ಅದು.

ಮೊದಲು ದುಡ್ಡು ಎಣಿಸಿಕೊಟ್ಟು ಡಬ್ಬ ಕೇಳಿದ್ದು ವೈಂಡಿಂಗ್ ಅಂಗಡಿಯವರೇ. ಮೋಟರ್ ಸುಟ್ಟರೆ ಅವರಿಗೆ ವ್ಯಾಪಾರ ಅಂತ ಹೊರಗಿನವರಿಗೆ ಅನಿಸಬಹುದು. ಆದರೆ ವೈಂಡಿಂಗ್‌ಗೆ ಅವರು ಗ್ಯಾರಂಟಿ ಕೊಟ್ಟಿರುತ್ತಾರೆ, ಅವಧಿಯೊಳಗೆ ಫೇಸ್ ಹೋಗಿ ಸುಟ್ಟರೂ ಗಿರಾಕಿ ಬಂದು ಜಗಳಕ್ಕೆ ನಿಲ್ಲುತ್ತಾನೆ. ಕೊನೆಗೆ ತಾಮ್ರದ ದುಡ್ಡು ಅವರ ಕೈಯಿಂದಲೇ ಹೋಗುತ್ತದೆ. ಈಗ ಅವರು ಡಬ್ಬ ಹಾಕಿಸಿಕೊಂಡ ಮೋಟರಿಗೆ ಹೆಚ್ಚು ದಿನದ ಗ್ಯಾರಂಟಿ ಬರೆದುಕೊಡುತ್ತಾರೆ, ಫಿಟ್ಟಿಂಗ್ ಕೂಲಿಯೂ ಅವರಿಗೇ ಸಿಗುತ್ತದೆ. ಹೊಸ ತಾಲ್ಲೂಕಿಗೆ ಹೋದರೆ ನಾನು ಮೊದಲು ವಿಚಾರಿಸುವುದು ಅಲ್ಲಿನ ವೈಂಡಿಂಗ್ ಅಂಗಡಿ ಎಲ್ಲಿದೆ ಅಂತ.