ಸೊಂಟದ ಆಪರೇಷನ್ ಆದ ಹಿರಿಯರನ್ನು ಮತ್ತೆ ನಡೆಸುವುದು: ಒಬ್ಬ ಫಿಸಿಯೋಥೆರಪಿಸ್ಟ್ ಅನುಭವ

ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಹಿರಿಯರನ್ನು ಆಪರೇಷನ್ ನಂತರ ನಡೆಸುವುದು ನನ್ನ ದಿನನಿತ್ಯದ ಕೆಲಸ. "ಯಾವಾಗ ನಡೀತಾರೆ?" ಅಂತ ಮನೆಯವರು ಕೇಳುತ್ತಾರೆ. ನಾನು ನೋಡುವುದು ಬೇರೆ: ಕುರ್ಚಿಯಿಂದ ತಾವೇ ಏಳುತ್ತಾರಾ? ಏಳುವ ಶಕ್ತಿ ಇಲ್ಲದೆ ನಡಿಗೆ ಇಲ್ಲ.

ಸರ್ಜನ್ ಬೇಡ ಅನ್ನದಿದ್ದರೆ ಮರುದಿನವೇ ಎಬ್ಬಿಸುತ್ತೇನೆ. ಮನೆಯವರಿಗೆ ಗಾಬರಿ. ಆದರೆ ಮುರಿದ ಮೂಳೆಗೆ ರಾಡು ಹಾಕಿರಲಿ, ಸೊಂಟದ ಕೀಲಿನ ಬಾಲ್ ಬದಲಿಸಿರಲಿ, ಹೆಚ್ಚಿನವರು ನೋವು ತಡೆದುಕೊಳ್ಳಲು ಆಗುವಷ್ಟು ಭಾರವನ್ನು ಆ ಕಾಲಿನ ಮೇಲೆ ಹಾಕಬಹುದು. ಆಪರೇಷನ್ ಮಾಡುವುದೇ ಅದಕ್ಕೆ ಅಲ್ವಾ? ಮಲಗಿದಷ್ಟೂ ತೊಡೆಯ ಶಕ್ತಿ ಇಳಿಯುತ್ತದೆ, ಎದೆಯಲ್ಲಿ ಕಫ ಕಟ್ಟುತ್ತದೆ, ಕಾಲಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ.

ನೋವಿನ ಮಾತ್ರೆ ಕೊಟ್ಟು, ಅರ್ಧ ಮುಕ್ಕಾಲು ಗಂಟೆ ಬಿಟ್ಟು ಶುರು ಮಾಡುತ್ತೇನೆ. ಕನ್ನಡಕ, ಕಿವಿಯ ಮಷಿನ್ ಮೊದಲು ಹಾಕಿಸುತ್ತೇನೆ. ಆಪರೇಷನ್ ಆದಮೇಲೆ ಕೆಲವರಿಗೆ ಮಂಕು ಕವಿದಿರುತ್ತದೆ. ಕಣ್ಣು ಕಿವಿ ಸರಿಯಿದ್ದರೆ ಹೇಳಿದ್ದು ತಲೆಗೆ ಹೋಗುತ್ತದೆ. ಮಂಚದ ಅಂಚಲ್ಲಿ ಕೂತು ಪಾದ ಮೇಲೆ ಕೆಳಗೆ ಆಡಿಸಬೇಕು. ತಲೆ ಸುತ್ತಿದರೆ ಎಬ್ಬಿಸುವುದಿಲ್ಲ.

ಇಲ್ಲಿ ಮನೆಯವರು ಕಂಕುಳಿಗೆ ಕೈ ಹಾಕಿ ಎತ್ತಲು ಬರುತ್ತಾರೆ. ಪ್ರೀತಿಯಿಂದಲೇ. ಆದರೆ ನೀವು ಎತ್ತಿದರೆ ಅವರ ತೊಡೆಗೆ ಕೆಲಸವೇ ಇಲ್ಲ, ಭುಜಕ್ಕೂ ನೋವು. ನಾನು ಹೇಳುವುದು ಹೀಗೆ: "ಅಮ್ಮಾ, ಅಂಚಿಗೆ ಜರುಗಿ. ಆಪರೇಷನ್ ಕಾಲು ಸ್ವಲ್ಪ ಮುಂದೆ, ಗಟ್ಟಿ ಕಾಲು ಹಿಂದೆ. ಕೈ ಕೂತ ಮಂಚ ಅಥವಾ ಕುರ್ಚಿ ಮೇಲೆ ಊರಿ, ಎದೆ ಮುಂದಕ್ಕೆ ತಂದು ಏಳಿ." ವಾಕರ್ ಹಿಡಿದು ಜಗ್ಗಬಾರದು, ಮಗುಚುತ್ತದೆ. ಬಾಲ್ ಬದಲಿಸಿದವರಿಗೆ ಎತ್ತರದ ಕುರ್ಚಿ ಬೇಕು. ಎಷ್ಟು ಬಗ್ಗಬಹುದು ಅಂತ ಸರ್ಜನ್ ಹೇಳಿದ್ದನ್ನು ಮೀರಬೇಡಿ. ಕಾಲ ಮೇಲೆ ಕಾಲು ಬೇಡ.

ವಾಕರ್ ಹಿಡಿ ಮಣಿಕಟ್ಟಿನ ಎತ್ತರಕ್ಕಿರಲಿ. ಮೊದಲು ವಾಕರ್, ಆಮೇಲೆ ಆಪರೇಷನ್ ಕಾಲು, ಕೊನೆಗೆ ಗಟ್ಟಿ ಕಾಲು. ಮುಂದೆ ಒಂದೇ ಕೋಲಿಗೆ ಬಂದಾಗ ಅದು ಗಟ್ಟಿ ಕಾಲಿನ ಕಡೆಯ ಕೈಯಲ್ಲಿರಬೇಕು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಆಪರೇಷನ್ ಕಾಲು ಮೊದಲು.

ನೋವಿಗಿಂತ ಗಟ್ಟಿಯಾಗಿ ಹಿಡಿದುಕೊಳ್ಳುವುದು ಭಯ. ಒಬ್ಬ ಅಜ್ಜಿ ಬೆರಳ ಗೆಣ್ಣು ಬೆಳ್ಳಗಾಗುವಷ್ಟು ಬಿಗಿಯಾಗಿ ವಾಕರ್ ಹಿಡಿದು, ಉಸಿರು ಕಟ್ಟಿ ನಿಂತುಬಿಡುತ್ತಿದ್ದರು. ಧೈರ್ಯ ಹೇಳಿದರೆ ಪ್ರಯೋಜನವಿಲ್ಲ. ಹೆಜ್ಜೆ ಜೋರಾಗಿ ಎಣಿಸಿ ಅಂದೆ. ಎಣಿಸಬೇಕಾದರೆ ಉಸಿರು ಬಿಡಲೇಬೇಕು. ಉಸಿರು ಬಿಟ್ಟಾಗ ಭುಜ ಇಳಿಯಿತು, ಕಾಲು ಮುಂದೆ ಬಂತು. ನಾನು ಆಪರೇಷನ್ ಆದ ಕಡೆ, ಒಂದು ಹೆಜ್ಜೆ ಹಿಂದೆ ಇರುತ್ತೇನೆ. ಕೈ ಸೊಂಟದ ಹತ್ತಿರ ಸಿದ್ಧ, ಆದರೆ ಹಿಡಿಯುವುದಿಲ್ಲ.

ಮನೆಗೆ ಹೋದಮೇಲೆ ಸುಮ್ನೆ ನಡೆದರೆ ಸಾಲದು. ಕುರ್ಚಿಯಿಂದ ಎದ್ದು ಕೂರುವುದನ್ನು ದಿನಾ ಹಲವು ಸಲ ಮಾಡಿಸಿ. ಗಟ್ಟಿಯಾದ ಮೇಜು ಹಿಡಿದು ನಿಂತು ಕಾಲನ್ನು ಪಕ್ಕಕ್ಕೆ ಎತ್ತಲಿ. ಸೊಂಟದ ಪಕ್ಕದ ಸ್ನಾಯು ಸೋತಿದ್ದರೆ ಓಲಾಡುವ ನಡಿಗೆ ಹೋಗುವುದಿಲ್ಲ. ಇದು ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಎಲ್ಲರೂ ಮೊದಲಿನಷ್ಟೇ ನಡೆಯುತ್ತಾರೆ ಅಂತ ನಾನು ಮಾತು ಕೊಡುವುದಿಲ್ಲ.

ಮೀನಖಂಡ ಊದಿ ನೋಯುವುದು, ದಿಢೀರ್ ಉಸಿರಾಟದ ತೊಂದರೆ, ಗಾಯದಿಂದ ಕೀವು, ಕಾಲು ಗಿಡ್ಡವಾದಂತೆ ಅಥವಾ ತಿರುಚಿದಂತೆ ಕಾಣುವುದು, ಇದರಲ್ಲಿ ಯಾವುದಿದ್ದರೂ ವ್ಯಾಯಾಮ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಿ. ಮೂಳೆ ಟೊಳ್ಳಾಗಿದೆಯಾ, ಅದಕ್ಕೆ ಔಷಧಿ ಬೇಕಾ ಅಂತ ಡಿಸ್ಚಾರ್ಜ್‌ಗೆ ಮುಂಚೆಯೇ ಡಾಕ್ಟರನ್ನು ಕೇಳಿ.