ಗಾಯದಲ್ಲಿ ಬ್ಯಾಕ್ಟೀರಿಯಾ ಗುಂಪುಗೂಡುವ ಮುನ್ನ ಏನು ಮಾಡಬೇಕು?

ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ) ಮಾಡುವಾಗ ಕತ್ತಿ ತಾಗುವುದುಂಟು. ರಕ್ತ ನಿಲ್ಲಲೆಂದು ಗಾಯಕ್ಕೆ ಕಾಫಿ ಪುಡಿ ಮೆತ್ತುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಶುಭ್ರವಾದ ಬಟ್ಟೆಯಿಂದ ಒತ್ತಿ ಹಿಡಿದು ರಕ್ತ ನಿಲ್ಲಿಸಿ. ಬಳಿಕ ನಲ್ಲಿ ನೀರನ್ನು ಧಾರೆಯಾಗಿ ಬಿಟ್ಟು, ಸುತ್ತಲಿನ ಚರ್ಮಕ್ಕೆ ಸೋಪು ಹಚ್ಚಿ, ಮಣ್ಣು ಪೂರ್ತಿ ಹೋಗುವವರೆಗೆ ತೊಳೆಯಿರಿ. ಧನುರ್ವಾಯು ತಡೆಯುವ ಚುಚ್ಚುಮದ್ದು (ಟಿಟಿ ಅಥವಾ ಟಿಡಿ) ಬೇಕೇ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿ.

ತೊಳೆಯಲು ಇಷ್ಟು ಅವಸರ ಏಕೆ? ಬ್ಯಾಕ್ಟೀರಿಯಾಗಳ ಗುಂಪು ಬೆಳೆಯುವ ಮುನ್ನವೇ ಅವನ್ನು ತೊಳೆದುಹಾಕಲು. ಬ್ಯಾಕ್ಟೀರಿಯಾಗಳು ರಾಸಾಯನಿಕ ಅಣುಗಳ ಮೂಲಕ ಪರಸ್ಪರ ಸಂಕೇತ ಕಳಿಸುತ್ತವೆ. ಸಂಖ್ಯೆ ಕಡಿಮೆಯಿದ್ದಾಗ ಆ ಅಣುಗಳು ಚದುರಿಹೋಗುತ್ತವೆ. ಗುಂಪು ಬೆಳೆದು ಅಣುಗಳು ದಟ್ಟವಾದಾಗ, ಬೇಕಾದಷ್ಟು ಸದಸ್ಯರು ಸೇರಿ ಸಭೆಗೆ ಕೋರಂ ಭರ್ತಿಯಾದಂತೆ, ಎಲ್ಲವೂ ಒಟ್ಟಾಗಿ ಕೆಲಸಕ್ಕಿಳಿಯುತ್ತವೆ. ಸಮುದ್ರದ ವಿಬ್ರಿಯೊ ಫಿಶೆರಿ ಬ್ಯಾಕ್ಟೀರಿಯಾ ದಟ್ಟವಾಗಿ ಬೆಳೆದಾಗ ಮಾತ್ರ ಬೆಳಕು ಚೆಲ್ಲುವುದನ್ನು ವಿಜ್ಞಾನಿಗಳು 1970ರಲ್ಲೇ ವರದಿ ಮಾಡಿದ್ದರು. 1994ರಲ್ಲಿ ಇದಕ್ಕೆ ಕೋರಂ ಸೆನ್ಸಿಂಗ್ ಎಂಬ ಹೆಸರು ಬಂತು. ಗಾಯಗಳನ್ನು ಕಾಡುವ ಸ್ಯೂಡೊಮೊನಾಸ್ ಏರುಜಿನೋಸಾ ಎಂಬ ಬ್ಯಾಕ್ಟೀರಿಯಾ ಇದೇ ದಾರಿಯಲ್ಲಿ ವಿಷವಸ್ತುಗಳನ್ನು ಬಿಡುತ್ತದೆ, ಬಯೋಫಿಲ್ಮ್ ಎಂಬ ಲೋಳೆಯ ಹೊದಿಕೆಯನ್ನು ಬಲಪಡಿಸಿಕೊಳ್ಳುತ್ತದೆ. ಆ ಲೋಳೆಯೊಳಗೆ ಸೇರಿದ ಬ್ಯಾಕ್ಟೀರಿಯಾ, ಔಷಧ ನಿರೋಧಕ ಜೀನ್ ಇಲ್ಲದಿದ್ದರೂ ಆ್ಯಂಟಿಬಯೋಟಿಕ್‌ ಅನ್ನು ತಾಳಿಕೊಂಡು ಉಳಿಯಬಲ್ಲದು.

ಹಾಗಾಗಿ ಹಳೆಯ ಗಾಯದ ಮೇಲೆ ಲೋಳೆ ಕಂಡರೆ ಮಾತ್ರೆಯೊಂದನ್ನೇ ನಂಬಿ ಕೂರಬೇಡಿ, ಮನೆಯಲ್ಲಿ ಕೆರೆಯಲೂ ಹೋಗಬೇಡಿ. ಅದನ್ನು ತೆಗೆದು ಡ್ರೆಸ್ಸಿಂಗ್ ಮಾಡುವುದು ಆಸ್ಪತ್ರೆಯ ಕೆಲಸ. ಹಾಸನ, ಚಿಕ್ಕಮಗಳೂರು ಎರಡೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಕೀವು ನಿಲ್ಲದಿದ್ದರೆ, ಹೊಸ ಆ್ಯಂಟಿಬಯೋಟಿಕ್ ಶುರು ಮಾಡುವ ಮುನ್ನವೇ ಗಾಯದ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಬೇಕೇ ಎಂದು ಕೇಳಿ. ಯಾವ ಔಷಧ ನಾಟುತ್ತದೆ ಎಂಬುದು ಅದರಿಂದ ಗೊತ್ತಾಗುತ್ತದೆ. ಪಟ್ಟಿಯ ಮೇಲೆ ಕೆಂಪು ಗೆರೆಯಿರುವ ಮಾತ್ರೆಯನ್ನು ವೈದ್ಯರ ಚೀಟಿಯಿಲ್ಲದೆ ಮೆಡಿಕಲ್ ಶಾಪಿನಲ್ಲಿ ಕೇಳಿ ತರಬೇಡಿ. ಕಳೆದ ಸಲ ಉಳಿದ ಮಾತ್ರೆಯೂ ಬೇಡ.

ಬ್ಯಾಕ್ಟೀರಿಯಾವನ್ನು ಕೊಲ್ಲುವ ಬದಲು ಅದರ ಸಂಕೇತವನ್ನೇ ಕೆಡಿಸುವ ಸಂಶೋಧನೆ ನಡೆದಿದೆ. ಆಸ್ಟ್ರೇಲಿಯಾ ಕರಾವಳಿಯ ಡೆಲೀಸಿಯಾ ಪುಲ್ಕ್ರಾ ಎಂಬ ಕೆಂಪು ಕಡಲಪಾಚಿಯ ಫ್ಯೂರನೋನ್ ಎಂಬ ರಾಸಾಯನಿಕಗಳು ಸಂಕೇತಕ್ಕೆ ಅಡ್ಡಿಪಡಿಸುತ್ತವೆ. ಕೆಲವು ಬ್ಯಾಸಿಲಸ್ ಬ್ಯಾಕ್ಟೀರಿಯಾಗಳ ಲ್ಯಾಕ್ಟೊನೇಸ್ ಕಿಣ್ವ ಸಂಕೇತದ ಅಣುವನ್ನೇ ಒಡೆಯುತ್ತದೆ. ಕೊಲ್ಲದ ಔಷಧಕ್ಕೆ ನಿರೋಧಕತೆ ನಿಧಾನವಾಗಿ ಬೆಳೆದೀತು ಎಂಬುದು ನಿರೀಕ್ಷೆ, ಮತ್ತು ನನಗೆ ಇದು ತುಂಬ ಭರವಸೆಯ ದಾರಿಯಾಗಿ ಕಾಣುತ್ತದೆ. ಆದರೆ ಅದಿನ್ನೂ ರೋಗಿಯ ಕೈಗೆ ಮಾಮೂಲಿ ಔಷಧವಾಗಿ ಬಂದಿಲ್ಲ.

ಸಕ್ಕರೆ ಕಾಯಿಲೆ ಇರುವವರು ರಾತ್ರಿ ಮಲಗುವ ಮುನ್ನ ಅಂಗಾಲು, ಬೆರಳ ಸಂದು ನೋಡಿಕೊಳ್ಳಿ. ಅವರಿಗೆ ನೋವೇ ತಿಳಿಯದಿರಬಹುದು. ಗಾಯದ ಸುತ್ತ ಕೆಂಪು ಹರಡುತ್ತಿದ್ದರೆ, ಜ್ವರ ಬಂದರೆ, ಅಂದೇ ವೈದ್ಯರ ಬಳಿ ಹೋಗಿ.