ರಾತ್ರಿ ಅದೇ ಹೊತ್ತಿಗೆ ಬರುವ ತಲೆನೋವು: ಗುರುತು ಹಿಡಿಯುವುದು ಹೇಗೆ?

ಊಟ ಮಾಡಿ ಮಲಗಿದ ಮನುಷ್ಯ ಒಂದೆರಡು ಗಂಟೆಯಲ್ಲೇ ದಡಕ್ಕನೆ ಎದ್ದು ಕೂರುತ್ತಾನೆ. ಒಂದೇ ಕಣ್ಣಿನ ಹಿಂದೆ ತಡೆಯಲಾಗದ ನೋವು. ಆ ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ, ರೆಪ್ಪೆ ಜೋತು ಬೀಳುತ್ತದೆ, ಅದೇ ಕಡೆಯ ಮೂಗು ಕಟ್ಟುತ್ತದೆ. ಅಂಗೈಯಲ್ಲಿ ಕಣ್ಣು ಒತ್ತಿ ಹಿಡಿದು ಹಾಲ್‌ನಲ್ಲಿ ಶತಪಥ ಹಾಕುತ್ತಾನೆ. ಗೋಡೆಗೆ ತಲೆ ಚಚ್ಚಿಕೊಳ್ಳುವವರೂ ಉಂಟು. ಮುಕ್ಕಾಲು ಗಂಟೆಯಲ್ಲಿ ಎಲ್ಲ ಮಾಯ. ಮರುದಿನ ಹೆಚ್ಚುಕಡಿಮೆ ಅದೇ ಹೊತ್ತಿಗೆ ಮತ್ತೆ ಹಾಜರು. ಇದಕ್ಕೆ ಕ್ಲಸ್ಟರ್ ತಲೆನೋವು ಅಂತಾರೆ.

ಬೆಂಗಳೂರಿನಲ್ಲಿ ಮೂಗು ಸೋರಿದರೆ ಥಂಡಿ, ಧೂಳು, ಸೈನಸ್ ಅಂತ ಹೇಳಿ ಮುಗಿಸಿಬಿಡುತ್ತೇವೆ, ಅಲ್ವಾ? ನೋವು ದವಡೆಗೆ ಇಳಿದರೆ ಹಲ್ಲಿನ ಡಾಕ್ಟರ್ ಹತ್ತಿರ ಓಟ. ಗಟ್ಟಿಯಾಗಿರುವ ಹಲ್ಲು ಕೀಳಿಸಿಕೊಂಡವರೂ ಇದ್ದಾರೆ. ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಈ ಕಾಯಿಲೆಯನ್ನು ತೋರಿಸುವುದಿಲ್ಲ. ಮೆದುಳಿನಲ್ಲಿ ಬೇರೇನಾದರೂ ತೊಂದರೆ ಇದೆಯಾ ಅಂತ ನೋಡಲು ಎಂಆರ್‌ಐ ಮಾಡಿಸುತ್ತಾರೆ, ಅಷ್ಟೇ. ಉಳಿದದ್ದೆಲ್ಲ ನೀವು ಹೇಳುವ ವಿವರದ ಮೇಲೆ ನಿಂತಿದೆ. ಅದಕ್ಕೆ ಮನೆಯಲ್ಲೇ ತಯಾರಿ ಮಾಡಿಕೊಳ್ಳಬೇಕು.

ಮೊದಲು ಗಡಿಯಾರ ನೋಡಿ. ಔಷಧಿ ಇಲ್ಲದಿದ್ದರೆ ಒಂದು ಸಲದ ನೋವು 15 ನಿಮಿಷದಿಂದ 3 ಗಂಟೆ ಇರುತ್ತದೆ. ಕೆಲವರಿಗೆ ದಿನ ಬಿಟ್ಟು ದಿನ, ಕೆಲವರಿಗೆ ದಿನಕ್ಕೆ 8 ಸಲದವರೆಗೂ ಬರಬಹುದು. ಮೈಗ್ರೇನ್ ಹಾಗಲ್ಲ. ಅದು 4 ಗಂಟೆಯಿಂದ 3 ದಿನದವರೆಗೆ ಎಳೆಯುತ್ತದೆ, ರೋಗಿ ಕತ್ತಲೆ ಕೋಣೆಯಲ್ಲಿ ಅಲುಗಾಡದೆ ಮಲಗುತ್ತಾನೆ. ಕ್ಲಸ್ಟರ್ ಬಂದವನಿಗೆ ಕೂತಲ್ಲಿ ಕೂರಲಾಗುವುದಿಲ್ಲ. ನನ್ನನ್ನು ಕೇಳಿದರೆ ಮನೆಯವರು ಗಮನಿಸಬೇಕಾದ ಮುಖ್ಯ ವ್ಯತ್ಯಾಸ ಇದೇ. ಇನ್ನು ಹೊತ್ತು ತಪ್ಪದೆ ಬರುವುದಕ್ಕೆ, ನಿದ್ದೆ-ಎಚ್ಚರದ ಲೆಕ್ಕ ಇಡುವ ಹೈಪೋಥಲಾಮಸ್ ಎಂಬ ಮೆದುಳಿನ ಭಾಗದ ಕಡೆ ತಜ್ಞರು ಬೆರಳು ತೋರಿಸುತ್ತಾರೆ. ನೋವಿನ ಹೊತ್ತಿನಲ್ಲಿ ಆ ಭಾಗ ಚುರುಕಾಗುವುದು 1998ರಲ್ಲೇ ಸ್ಕ್ಯಾನ್ ಅಧ್ಯಯನದಲ್ಲಿ ಕಂಡಿತ್ತು.

ಆಮೇಲೆ ಬರೆದಿಡಿ. ಮೊಬೈಲ್ ಆದರೂ ಸರಿ, ಹಾಲಿನ ಲೆಕ್ಕದ ಕ್ಯಾಲೆಂಡರ್ ಆದರೂ ಸರಿ. ‘ಮಾರ್ಚ್ 3, ರಾತ್ರಿ 1.40ರಿಂದ 2.30. ಬಲಗಣ್ಣು. ನೀರು, ಮೂಗು ಕಟ್ಟಿತ್ತು. ಸಂಜೆ ಒಂದು ಬಿಯರ್.’ ಇಷ್ಟು ಸಾಕು. ನೋವಿನ ಹೊತ್ತಿನಲ್ಲಿ ಮನೆಯವರು ಮುಖದ ಒಂದು ಫೋಟೊ ತೆಗೆದರೆ ಇನ್ನೂ ಒಳ್ಳೆಯದು. ಬೆಳಿಗ್ಗೆ ಡಾಕ್ಟರ್ ಮುಂದೆ ಕೂತಾಗ ಕಣ್ಣು ತಿಳಿಯಾಗಿರುತ್ತದೆ.

ಯಾರಿಗೆ ಬರುತ್ತದೆ? ಸಾವಿರಕ್ಕೆ ಸುಮಾರು ಒಬ್ಬರಿಗೆ. ಸಾಮಾನ್ಯವಾಗಿ 20ರಿಂದ 40ರ ವಯಸ್ಸಿನಲ್ಲಿ ಶುರು. ಗಂಡಸರಲ್ಲಿ ಜಾಸ್ತಿ. ಆದರೆ ಹೆಂಗಸರಿಗೆ ಬಂದರೆ ಮೈಗ್ರೇನ್ ಎಂಬ ಹಣೆಪಟ್ಟಿ ಬೇಗ ಬೀಳುತ್ತದೆ, ಸರಿಯಾದ ಔಷಧಿ ತಡವಾಗುತ್ತದೆ. ರೋಗಿಗಳಲ್ಲಿ ಬೀಡಿ, ಸಿಗರೇಟು ಸೇದುವವರು ಹೆಚ್ಚು. ಬಿಟ್ಟ ತಕ್ಷಣ ನೋವು ನಿಲ್ಲುತ್ತದೆ ಅಂತ ಯಾರೂ ಭರವಸೆ ಕೊಡಲಾರರು. ಮದ್ಯದ ಮಾತು ಬೇರೆ. ನೋವು ಮತ್ತೆ ಮತ್ತೆ ಬಂದು ಕಾಡುವ ವಾರಗಳಲ್ಲಿ ಒಂದು ಪೆಗ್ಗೂ ನೋವನ್ನು ಎಬ್ಬಿಸಬಹುದು.

ಮೂರನೆಯದು ಡಾಕ್ಟರ್. ನೇರವಾಗಿ ನ್ಯೂರಾಲಜಿಸ್ಟ್ ನೋಡಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಹೋಗುವುದಾದರೆ ಬೆಳಿಗ್ಗೆ ಬೇಗ ಹೊರಡಿ, ಹಳೆಯ ಚೀಟಿಗಳನ್ನೆಲ್ಲ ಒಂದು ಫೈಲ್‌ನಲ್ಲಿ ಹಾಕಿಕೊಳ್ಳಿ. ಬರೆದಿಟ್ಟ ಹಾಳೆ ಮೇಲಿರಲಿ.

ಅಂಗಡಿಯಲ್ಲಿ ಸಿಗುವ ನೋವಿನ ಮಾತ್ರೆ ಇದಕ್ಕೆ ನಾಟುವುದಿಲ್ಲ. ಅದು ಕೆಲಸ ಶುರು ಮಾಡುವಷ್ಟರಲ್ಲಿ ನೋವೇ ಹೋಗಿರುತ್ತದೆ. ಬಾಮ್ ಹಚ್ಚಿ ಸುಮ್ನೆ ಕಣ್ಣು ಉರಿಸಿಕೊಳ್ಳಬೇಡಿ. ಡಾಕ್ಟರ್ ಹತ್ತಿರ ಕೇಳಬೇಕಾದದ್ದು ಎರಡು. ಬಂದ ನೋವನ್ನು ನಿಲ್ಲಿಸಲು ಏನು? ಮತ್ತೆ ಬರದಂತೆ ತಡೆಯಲು ಏನು?

ನಿಲ್ಲಿಸಲು ಆಕ್ಸಿಜನ್ ಇದೆ. ಮುಖಕ್ಕೆ ಬಿಗಿಯಾಗಿ ಕೂರುವ, ಚೀಲವಿರುವ ಮಾಸ್ಕ್‌ನಲ್ಲಿ ನಿಮಿಷಕ್ಕೆ 12ರಿಂದ 15 ಲೀಟರ್, 15-20 ನಿಮಿಷ. 2009ರ ಒಂದು ಅಧ್ಯಯನದಲ್ಲಿ 15 ನಿಮಿಷದಲ್ಲಿ 78% ನೋವುಗಳು ನಿಂತಿದ್ದವು, ಬರೀ ಗಾಳಿ ಕೊಟ್ಟಾಗ 20%. ಕೋವಿಡ್ ಕಾಲದಲ್ಲಿ ತಂದಿಟ್ಟ 5 ಲೀಟರಿನ ಕಾನ್ಸಂಟ್ರೇಟರ್ ಅಟ್ಟದ ಮೇಲಿದ್ದರೆ ಅಲ್ಲೇ ಇರಲಿ, ಇದಕ್ಕೆ ಅದರ ಹರಿವು ಸಾಲದು. ಡಾಕ್ಟರ್ ಬರೆದುಕೊಟ್ಟರೆ ಸಿಲಿಂಡರ್ ತರಿಸಿ. ಶ್ವಾಸಕೋಶದ ಕಾಯಿಲೆ ಇದ್ದರೆ ಮೊದಲೇ ಹೇಳಿ. ಸಿಲಿಂಡರ್ ಇರುವ ಕೋಣೆಯಲ್ಲಿ ಸಿಗರೇಟು, ಊದುಬತ್ತಿ, ದೀಪ ಯಾವುದೂ ಬೇಡ. ಸುಮಾಟ್ರಿಪ್ಟಾನ್ ಇಂಜೆಕ್ಷನ್ ಕೂಡ ಬೇಗ ಕೆಲಸ ಮಾಡುತ್ತದೆ, ಆದರೆ ಹೃದಯದ ತೊಂದರೆ ಇದ್ದವರಿಗೆ ಆಗದು.

ತಡೆಯಲು ಸಾಮಾನ್ಯವಾಗಿ ವೆರಾಪಮಿಲ್ ಎಂಬ ಮಾತ್ರೆ ಬರೆಯುತ್ತಾರೆ, ಅದು ಹೃದಯದ ಬಡಿತದ ಮೇಲೂ ಪರಿಣಾಮ ಮಾಡುತ್ತದೆ. ಡೋಸ್ ಏರಿಸುವಾಗ ಇಸಿಜಿ ತಪ್ಪಿಸಬೇಡಿ.

ಒಮ್ಮೆಲೇ ಸಿಡಿದಂತೆ ಬಂದ ನೋವು, ಜ್ವರದ ಜೊತೆ ಕುತ್ತಿಗೆ ಬಿಗಿತ, ಮಾತು ತೊದಲುವುದು, ಕೈಕಾಲು ಬಲ ಕಳೆದುಕೊಳ್ಳುವುದು, ಇವು ಕಂಡರೆ ಡೈರಿ ಬರೆಯುತ್ತಾ ಕೂರದೆ 108ಕ್ಕೆ ಕರೆ ಮಾಡಿ. ನೋವು ತಾಳದೆ ಬದುಕೇ ಸಾಕು ಅನ್ನಿಸುವುದೂ ಈ ಕಾಯಿಲೆಯಲ್ಲಿ ಉಂಟು. ಆಗ ಒಬ್ಬರೇ ಇರಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಹೆಚ್ಚಿನವರಿಗೆ ಕೆಲವು ವಾರ ಅಥವಾ ತಿಂಗಳು ಕಾಡಿ, ನೋವು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ತಲೆ ಹಾಕುವುದಿಲ್ಲ. ಆಗ ಮಾತ್ರೆ ನೀವೇ ನಿಲ್ಲಿಸಬೇಡಿ, ಹೇಗೆ ಇಳಿಸಬೇಕು ಅಂತ ಕೇಳಿ. ಶುರುವಾದ ತಿಂಗಳನ್ನು ಗುರುತು ಹಾಕಿಡಿ. ಕೆಲವರಿಗೆ ಪ್ರತಿ ಸಲ ಅದೇ ಕಾಲದಲ್ಲಿ ಬರುತ್ತದೆ. ಮುಂದಿನ ಸಲ ಮೊದಲ ನೋವಿಗೇ ಡಾಕ್ಟರಿಗೆ ಫೋನ್ ಮಾಡಿ, ಎರಡನೆಯದಕ್ಕೆ ಕಾಯಬೇಡಿ.